ರಾಜ್ಯ ಹೋಯಿತು, ಅಕ್ಷರ ಉಳಿಯಿತು

ರಾಜ್ಯ ಕಳೆದುಕೊಂಡ ಅರಸುಮನೆತನಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಬಿರುದುಬಾವಲಿಗಳನ್ನು ನೆನೆಯುತ್ತ, ಹಂಗಿನ ಅನ್ನವನ್ನು ಉಣ್ಣುತ್ತ, ಎರಡು ಮೂರು ತಲೆಮಾರುಗಳಲ್ಲಿ ಹೇಳಹೆಸರಿಲ್ಲದಂತಾದವು. ಆದರೆ ಅಂಥದೊಂದು ಮನೆತನದ ಮೊಮ್ಮಗನೊಬ್ಬ ಮೊದಲು ರಾಜಕಾರಣಕ್ಕಿಳಿದು, ಅದರಲ್ಲಿ ಸೋತು, ಬಳಿಕ ಪರದೇಶದ ಊರೊಂದರಲ್ಲಿ ಕುಳಿತು ತನ್ನ ಜನರ ನುಡಿಗೆ 31 ಅಕ್ಷರಗಳ ಮಾಲೆಯೊಂದನ್ನು ಸಿದ್ಧಪಡಿಸಿದ. ಆತ ಬಯಸಿದ ರಾಜ್ಯ ಇಂದಿಗೂ ಹುಟ್ಟಿಲ್ಲ. ಆತ ಕೊಟ್ಟ ಅಕ್ಷರಗಳಲ್ಲಿ ಇಂದು ಲಕ್ಷಾಂತರ ಜನ ಓದುತ್ತಾರೆ, ಬರೆಯುತ್ತಾರೆ. ಆ ವ್ಯಕ್ತಿಯೇ ಕುರ್ದ್ ನಾಯಕ, ಪತ್ರಕರ್ತ ಹಾಗೂ ಭಾಷಾವಿದ್ವಾಂಸರಾದ ಜೆಲಾದತ್ ಅಲಿ ಬದಿರ್‌ಖಾನ್. ಅವರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಹೆಸರು, ಅವರ ತಮ್ಮ, ರಾಜಕಾರಣಿ ಮತ್ತು ಅನುವಾದಕ ಕಾಮುರಾನ್ ಅವರದು.

ಭಾಷೆಯ ಕೆಲಸವೆಂದರೆ ನಿರಪಾಯವಾದ ಹವ್ಯಾಸ, ರಾಜಕಾರಣದಲ್ಲಿ ಸೋತವರು ಕೈಗೆತ್ತಿಕೊಳ್ಳುವ ಕಾಲಕ್ಷೇಪ ಎಂದು ತಿಳಿದವರು ನಮ್ಮ ನಡುವೆ ಅನೇಕರಿದ್ದಾರೆ. ಅವರು ಈ ಸೋದರರ ಬಾಳನ್ನು ಒಮ್ಮೆ ಅವಲೋಕಿಸಬೇಕೆಂಬುದು ಈ ಲೇಖನದ ಉದ್ದೇಶ.

ಕುರ್ದರ ಸಂಖ್ಯೆ ಸುಮಾರು ಮೂರು ಕೋಟಿ ಎಂದು ಅಂದಾಜು. ಅವರ ಗುಡ್ಡಗಾಡಿನ ನಾಡು ಟರ್ಕಿ, ಇರಾನ್, ಇರಾಕ್ ಮತ್ತು ಸಿರಿಯ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋಗಿದೆ. ಅವರ ನುಡಿ ಪಾರಸಿ ಭಾಷೆಯ ಹತ್ತಿರದ ಬಂಧು. ಟರ್ಕಿ ಮತ್ತು ಸಿರಿಯದ ಕುರ್ದರು ಹೆಚ್ಚಾಗಿ ಕುರ್ಮಾಂಜಿ ಎಂಬ ಉಪಭಾಷೆಯನ್ನೂ, ಇರಾಕ್ ಮತ್ತು ಇರಾನಿನ ಬಹುಮಂದಿ ಸೊರಾನಿ ಎಂಬ ಉಪಭಾಷೆಯನ್ನೂ ಆಡುತ್ತಾರೆ. ಹಾಡು, ಕಥನ, ಗಾದೆಗಳಲ್ಲಿ ಈ ನುಡಿ ಅತ್ಯಂತ ಶ್ರೀಮಂತ. ಆದರೆ ಅಚ್ಚಿನ ಮನೆಯನ್ನು ಅದು ಪ್ರವೇಶಿಸಿದ್ದು ಬಹಳ ತಡವಾಗಿ.

ಹಾಗೆ ಪ್ರವೇಶಿಸಿದ್ದೂ ಬದಿರ್‌ಖಾನರ ಮನೆಯ ಬಾಗಿಲಿನಿಂದಲೇ. ಜೆಲಾದತ್ ಅವರ ಅಜ್ಜ ಬದಿರ್‌ಖಾನ್ ಬೇಗ್ ಬೋತಾನ್ ಸಂಸ್ಥಾನದ ಕೊನೆಯ ಪ್ರಬಲ ಅರಸು. ಟೈಗ್ರಿಸ್ ನದಿಯ ದಂಡೆಯ ಜಿಜ್ರೆ ಪಟ್ಟಣ ಆತನ ರಾಜಧಾನಿ. 1847ರಲ್ಲಿ ಒಟ್ಟೊಮನ್ ಸೈನ್ಯ ಆತನನ್ನು ಸೋಲಿಸಿ, ಪರಿವಾರಸಮೇತ ದೂರದ ಕ್ರೀಟ್ ದ್ವೀಪಕ್ಕೆ ಗಡೀಪಾರು ಮಾಡಿತು. ಕೊನೆಗೆ ಆತ ತೀರಿಕೊಂಡದ್ದು ಡಮಾಸ್ಕಸ್ಸಿನಲ್ಲಿ. ಈ ಅರಸನನ್ನು ಕೇವಲ ವೀರನೆಂದು ಹೊಗಳಿ ಮುಂದೆ ಸಾಗುವುದು ನ್ಯಾಯವಲ್ಲ. 1843 ಮತ್ತು 1846ರಲ್ಲಿ ಹಕ್ಕಾರಿ ಪರ್ವತಪ್ರದೇಶದ ಅಸ್ಸೀರಿಯನ್ ಕ್ರೈಸ್ತರ ಮೇಲೆ ಆತನ ಪಡೆಗಳು ನಡೆಸಿದ ಹತ್ಯಾಕಾಂಡವೂ ಚರಿತ್ರೆಯಲ್ಲಿ ದಾಖಲಾಗಿದೆ. ಕತ್ತಿಯಿಂದ ಕಟ್ಟಿದ ರಾಜ್ಯ ಕತ್ತಿಯಿಂದಲೇ ಹೋಯಿತು.

ಆತನ ಮಗ ಮಿಕ್ದಾದ್ ಮಿದ್ಹತ್ ಬದಿರ್‌ಖಾನ್ 1898ರ ಏಪ್ರಿಲ್ 22ರಂದು ಈಜಿಪ್ಟಿನ ಕೈರೋದಲ್ಲಿ 'ಕುರ್ದಿಸ್ತಾನ್' ಎಂಬ ಪತ್ರಿಕೆಯನ್ನು ಹೊರತಂದರು. ಕುರ್ದ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಅದು. ಸ್ವದೇಶದಲ್ಲಿ ಅಚ್ಚುಹಾಕುವ ಸ್ವಾತಂತ್ರ್ಯವಿಲ್ಲದೆ ಅದು ಊರಿಂದೂರಿಗೆ ಅಲೆದು, 1902ರ ವೇಳೆಗೆ 31 ಸಂಚಿಕೆಗಳನ್ನು ಕಂಡು ನಿಂತಿತು. ಅಲೆಮಾರಿಯಾಗಿ ಬಾಳುವ ಪತ್ರಿಕೆಯ ಪರಂಪರೆ ಈ ಕುಟುಂಬದಲ್ಲಿ ಆರಂಭವಾದದ್ದು ಹೀಗೆ.

ಜೆಲಾದತ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. ಬೆಳೆದದ್ದು ಇಸ್ತಾಂಬುಲ್ಲಿನ ವಾತಾವರಣದಲ್ಲಿ. ಕಾನೂನು ಓದಿದರು. ಪ್ರಥಮ ಮಹಾಯುದ್ಧದಲ್ಲಿ ಒಟ್ಟೊಮನ್ ಸೈನ್ಯದ ಅಧಿಕಾರಿಯಾಗಿ ದುಡಿದರು. 1919ರಲ್ಲಿ ಅಣ್ಣತಮ್ಮಂದಿರಿಬ್ಬರೂ ಮೇಜರ್ ನೋಯಲ್ ಎಂಬ ಬ್ರಿಟಿಷ್ ಅಧಿಕಾರಿಯ ಜೊತೆ ಕುರ್ದ್ ಸೀಮೆಯಲ್ಲಿ ಸಂಚರಿಸಿದರು. ಯುದ್ಧಾನಂತರ ಕುರ್ದರ ಭವಿಷ್ಯವೇನಾಗಬೇಕೆಂದು ಜನಾಭಿಪ್ರಾಯ ತಿಳಿಯುವುದು ಆ ಪ್ರವಾಸದ ಗುರಿಯಾಗಿತ್ತು. ರಾಜಕೀಯವಾಗಿ ಅದರಿಂದ ಏನೂ ಫಲಿಸಲಿಲ್ಲ. ಆದರೆ ದಾರಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ಜೆಲಾದತ್ ಅವರ ಬಾಳಿನ ದಿಕ್ಕನ್ನು ಬದಲಿಸಿತು.

ಇಬ್ಬರೂ ಹೋದಲ್ಲೆಲ್ಲ ಜನರ ಗಾದೆ, ಹಾಡುಗಳನ್ನು ಬರೆದುಕೊಳ್ಳುತ್ತಿದ್ದರು. ಜೆಲಾದತ್ ಬರೆಯುತ್ತಿದ್ದುದು ಅರಬ್ಬಿ ಲಿಪಿಯಲ್ಲಿ, ನೋಯಲ್ ರೋಮನ್ ಲಿಪಿಯಲ್ಲಿ. ಕೆಲವು ದಿನಗಳ ನಂತರ ತಿರುಗಿ ಓದುವಾಗ, ಕುರ್ದ್ ಭಾಷೆಯನ್ನು ಕಲಿತ ಪರಕೀಯ ತಡವರಿಸದೆ ಓದಿದ. ಹುಟ್ಟಾ ಕುರ್ದರಾದ ತಾವು ಒಂದೊಂದು ಪದದಲ್ಲೂ ನಿಂತು, ಇಲ್ಲಿರುವ ಸ್ವರ ಯಾವುದೆಂದು ಊಹಿಸಬೇಕಾಯಿತು ಎಂದು ಜೆಲಾದತ್ ಮುಂದೆ ತಮ್ಮ ಪತ್ರಿಕೆಯಲ್ಲಿ ಬರೆದುಕೊಂಡಿದ್ದಾರೆ.

ಕನ್ನಡ ಓದುಗರಿಗೆ ಈ ಕಷ್ಟವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಲಿಪಿಯಲ್ಲಿ ಸ್ವರ ಗೋಪ್ಯವಾಗಿರುವುದಿಲ್ಲ. ತಲಕಟ್ಟು, ಗುಡಿಸು, ಕೊಂಬು, ದೀರ್ಘಗಳು ಕಣ್ಣಿಗೆ ಕಾಣುತ್ತವೆ. ಕುರ್ದ್ ನುಡಿಯಲ್ಲಿ 'ಶೇರ್' ಎಂದರೆ ಸಿಂಹ, 'ಶೀರ್' ಎಂದರೆ ಹಾಲು. ಹಳೆಯ ಅರಬ್ಬಿ-ಪಾರಸಿ ಬರವಣಿಗೆಯಲ್ಲಿ ಇವೆರಡಕ್ಕೂ ಒಂದೇ ರೂಪ. ಓದುವವನು ಸಂದರ್ಭ ನೋಡಿ ಸಿಂಹವೋ ಹಾಲೋ ನಿರ್ಧರಿಸಬೇಕು. ಪಂಡಿತನಿಗೆ ಇದೇನೂ ಕಷ್ಟವಲ್ಲ. ಆದರೆ ಮೊದಲ ಬಾರಿಗೆ ಅಕ್ಷರ ತಿದ್ದುವ ಕುರಿಗಾಹಿಯ ಮಗುವಿನ ಗತಿಯೇನು? ಎಂಟು ಸ್ವರಗಳು, ಇಪ್ಪತ್ತಮೂರು ವ್ಯಂಜನಗಳು, ಪ್ರತಿಯೊಂದು ಧ್ವನಿಗೂ ತನ್ನದೇ ಒಂದು ಅಕ್ಷರ ಎಂಬ ಸರಳ ವ್ಯವಸ್ಥೆಯನ್ನು ಜೆಲಾದತ್ ರೋಮನ್ ಲಿಪಿಯ ಆಧಾರದ ಮೇಲೆ ರೂಪಿಸಿದರು. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಿದ ಯಾರಿಗೇ ಆದರೂ ಇದರ ಬೆಲೆ ಏನೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಅಕ್ಷರಮಾಲೆ ಪತ್ರಿಕೆಯಾಗಿ ಹೊರಬರಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ನಡುವೆ ರಾಜಕಾರಣದ ಬಿರುಗಾಳಿ. 1920ರ ಸೆವ್ರ್ ಒಪ್ಪಂದ ಕುರ್ದರಿಗೆ ಸ್ವಾಯತ್ತತೆಯ ಆಸೆ ತೋರಿಸಿತು. 1923ರ ಲೊಸಾನ್ ಒಪ್ಪಂದದಲ್ಲಿ ಅವರ ಹೆಸರೇ ಇರಲಿಲ್ಲ. 1922ರಲ್ಲಿಯೇ ಸೋದರರು ಇಸ್ತಾಂಬುಲ್ ತೊರೆದು ಜರ್ಮನಿಗೆ ತೆರಳಿದ್ದರು. ಮುಂದೆ ಅವರು ಹುಟ್ಟೂರನ್ನು ಸ್ವಂತ ಊರೆಂದು ಬಾಳುವ ಅವಕಾಶ ಒದಗಲೇ ಇಲ್ಲ. 1927ರಲ್ಲಿ ಲೆಬನಾನಿನ ಬಹಮ್ದೂನ್‌ನಲ್ಲಿ ಕುರ್ದ್ ದೇಶಭ್ರಷ್ಟರು 'ಖೊಯ್‌ಬೂನ್' ಎಂಬ ಸಂಘಟನೆಯನ್ನು ಕಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಜೆಲಾದತ್. ಆ ಸಂಘಟನೆಯ ಬೆಂಬಲದಿಂದ ಅರಾರಾತ್ ಪರ್ವತದಲ್ಲಿ ನಡೆದ ದಂಗೆಯನ್ನು ಟರ್ಕಿಯ ಸೈನ್ಯ 1930ರಲ್ಲಿ ಅಡಗಿಸಿತು. ಅಲ್ಲಿಗೆ ಬಂದೂಕಿನ ದಾರಿ ಮುಚ್ಚಿತು.

1932ರ ಮೇ 15ರಂದು, ಫ್ರೆಂಚರ ಆಡಳಿತದಲ್ಲಿದ್ದ ಡಮಾಸ್ಕಸ್ಸಿನಿಂದ 'ಹವಾರ್' ಪತ್ರಿಕೆಯ ಮೊದಲ ಸಂಚಿಕೆ ಹೊರಟಿತು. ಹವಾರ್ ಎಂದರೆ ಆಪತ್ತಿನಲ್ಲಿ ನೆರವಿಗಾಗಿ ಇಡುವ ಮೊರೆ. ಆ ಸಂಚಿಕೆಯಲ್ಲಿ ಸಂಪಾದಕರು ಇಟ್ಟ ಮೊರೆ ಸೈನ್ಯಕ್ಕಾಗಿ ಅಲ್ಲ, ಹಣಕ್ಕಾಗಿಯೂ ಅಲ್ಲ. ಜ್ಞಾನವೆಂದರೆ ತನ್ನನ್ನು ತಾನು ಅರಿಯುವುದು, ತನ್ನನ್ನು ಅರಿಯುವ ಮೊದಲ ಸಾಧನ ಭಾಷೆ ಎಂಬರ್ಥದ ಮಾತುಗಳನ್ನು ಬರೆದು, ಈ ಪತ್ರಿಕೆ ರಾಜಕಾರಣದಿಂದ ದೂರವಿರುತ್ತದೆ, ಅದನ್ನು ಸಂಘಟನೆಗಳಿಗೆ ಬಿಟ್ಟಿದ್ದೇವೆ ಎಂದೂ ಅವರು ಸ್ಪಷ್ಟಪಡಿಸಿದರು.

ಒಂದು ರಾಜಕೀಯ ಸಂಘಟನೆಯ ಅಧ್ಯಕ್ಷರಾಗಿದ್ದವರು ಬರೆದ ಮಾತು ಇದು. ಫ್ರೆಂಚರ ಕಣ್ಣಿಗೆ ಮಣ್ಣೆರಚುವ ಉಪಾಯವೆಂದು ಕೆಲವರು ವ್ಯಾಖ್ಯಾನಿಸಬಹುದು. ಪತ್ರಿಕೆಗೆ ಅನುಮತಿ ಬೇಕಿತ್ತೆಂಬುದೂ ನಿಜ. ಆದರೆ ಆ ಪತ್ರಿಕೆಯ ಪುಟಗಳು ಏನನ್ನು ತುಂಬಿಕೊಂಡವೆಂದು ನೋಡಿದರೆ ಆ ವ್ಯಾಖ್ಯಾನ ನಿಲ್ಲುವುದಿಲ್ಲ. ವ್ಯಾಕರಣದ ಪಾಠಗಳು, ಜನಪದ ಗೀತೆಗಳು, ಕಥೆಗಳು, ಗಾದೆಗಳು, ಪದಾರ್ಥಗಳು. ಜಿಗರ್‌ಖ್ವೀನ್, ಉಸ್ಮಾನ್ ಸಬ್ರಿ, ಕದ್ರಿ ಜಾನ್, ನೂರುದ್ದೀನ್ ಜಾಜಾ ಮೊದಲಾದ ಒಂದು ಇಡೀ ಪೀಳಿಗೆಯ ಬರೆಹಗಾರರು ಹವಾರ್‌ನಲ್ಲಿಯೇ ಪಳಗಿದರು. ಮೊದಲ 23 ಸಂಚಿಕೆಗಳಲ್ಲಿ ಅರಬ್ಬಿ ಲಿಪಿಯೂ ರೋಮನ್ ಲಿಪಿಯೂ ಜೊತೆಜೊತೆಗೆ ಇದ್ದವು. 24ರಿಂದ ರೋಮನ್ ಮಾತ್ರ. ಹಳೆಯ ಅಕ್ಷರ ಬಲ್ಲವನನ್ನು ಹೊರಗಟ್ಟದೆ ಹೊಸ ಅಕ್ಷರಕ್ಕೆ ಕರೆದುಕೊಂಡು ಬರುವ ಈ ಕ್ರಮ ಒಬ್ಬ ಒಳ್ಳೆಯ ಉಪಾಧ್ಯಾಯನಿಗೆ ತಕ್ಕದ್ದು.

ಪತ್ರಿಕೆ ಸುಗಮವಾಗಿಯೇನೂ ನಡೆಯಲಿಲ್ಲ. 1935ರಲ್ಲಿ ನಿಂತುಹೋಗಿ, 1941ರಲ್ಲಿ ಮತ್ತೆ ಆರಂಭವಾಗಿ, 1943ರಲ್ಲಿ 57ನೆಯ ಸಂಚಿಕೆಯೊಡನೆ ಮುಗಿಯಿತು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳಿಗೆ ತಮ್ಮ ಪಕ್ಷದ ಸುದ್ದಿಯನ್ನು ಕುರ್ದರಿಗೆ ತಲುಪಿಸುವ ಅಗತ್ಯವಿತ್ತು. ಆ ಅವಕಾಶವನ್ನು ಸೋದರರು ಚೆನ್ನಾಗಿ ಬಳಸಿಕೊಂಡರು. ಜೆಲಾದತ್ 1942ರಿಂದ 1945ರವರೆಗೆ 'ರೊನಾಹಿ', ಅಂದರೆ ಬೆಳಕು, ಎಂಬ ಸಚಿತ್ರ ಪತ್ರಿಕೆಯ 28 ಸಂಚಿಕೆಗಳನ್ನು ತಂದರು. ಕಾಮುರಾನ್ ಬೈರೂತಿನಿಂದ 'ರೋಜಾ ನೂ', ಅಂದರೆ ಹೊಸ ದಿನ, ಎಂಬ ಪತ್ರಿಕೆಯನ್ನು ನಡೆಸಿದರು. ಅಲ್ಲಿನ ಬಾನುಲಿಯಲ್ಲಿ ಕುರ್ದ್ ಕಾರ್ಯಕ್ರಮಗಳನ್ನು ನಡೆಸಿಕೊಟ್ಟರು. ಕಾಗದ ಪರರ ಯುದ್ಧದ್ದು, ನುಡಿ ಮಾತ್ರ ತಮ್ಮದು.

ಅನುವಾದದ ವಿಷಯಕ್ಕೆ ಬರೋಣ. ಯಾವುದೇ ಭಾಷೆ ದೊಡ್ಡ ವಿಚಾರಗಳನ್ನು ಹೊರಬಲ್ಲದೇ ಎಂಬ ಸಂಶಯಕ್ಕೆ ಅನುವಾದವೇ ಉತ್ತರ. ಕುರ್ದ್ ನುಡಿ ಕೇವಲ ಗುಡ್ಡಗಾಡಿನವರ ಒರಟು ಮಾತು, ಅದಕ್ಕೆ ಸ್ವಂತ ಅಸ್ತಿತ್ವವಿಲ್ಲ ಎಂದು ಆಳುವವರು ಸಾರುತ್ತಿದ್ದ ಕಾಲದಲ್ಲಿ ಕಾಮುರಾನ್ ಕುರಾನಿನ ಭಾಗಗಳನ್ನೂ ಪ್ರವಾದಿಯ ವಚನಗಳನ್ನೂ ಕುರ್ದ್ ಭಾಷೆಗೆ ತಂದು ಹವಾರ್‌ನಲ್ಲಿ ಪ್ರಕಟಿಸಿದರು. ಮುಂದೆ ಬೈಬಲ್ಲಿನ ಕೆಲವು ಭಾಗಗಳನ್ನೂ ಅವರು ಅನುವಾದಿಸಿದರು. ಇತ್ತ ಜೆಲಾದತ್ 1933ರಲ್ಲಿ ಯಜೀದಿ ಪಂಥದವರ ಪ್ರಾರ್ಥನೆಗಳ ಪುಸ್ತಕವೊಂದನ್ನು ಹವಾರ್ ಗ್ರಂಥಮಾಲೆಯಲ್ಲಿ ಅಚ್ಚುಮಾಡಿಸಿದ್ದರು. ಅಜ್ಜನ ಕಾಲದಲ್ಲಿ ಕತ್ತಿ ಯಾರನ್ನು ಬೇರ್ಪಡಿಸಿತ್ತೋ ಅವರ ದೇವರ ಮಾತುಗಳೆಲ್ಲ ಮೊಮ್ಮಕ್ಕಳ ಕಾಲದಲ್ಲಿ ಒಂದೇ ಅಕ್ಷರಮಾಲೆಯಲ್ಲಿ ಅಕ್ಕಪಕ್ಕ ಕುಳಿತವು. ಈ ಕುಟುಂಬದ ಚರಿತ್ರೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಸಂಗತಿ ಇದು.

ಇನ್ನು ನಮ್ಮ ಶಾಲೆಗಳ ಕಡೆ ಒಮ್ಮೆ ನೋಡೋಣ. ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸಿದ ನನ್ನಂಥವರಿಗೆ ಟರ್ಕಿಯ ಪರಿಚಯವಾಗುವುದು ಖಿಲಾಫತ್ ಚಳವಳಿಯ ಪಾಠದಲ್ಲಿ. ಆಲಿ ಸೋದರರು, ಗಾಂಧೀಜಿ, ಹಿಂದೂ-ಮುಸ್ಲಿಂ ಐಕ್ಯ; ಕೊನೆಗೆ 1924ರ ಮಾರ್ಚ್ 3ರಂದು ಅಂಕಾರಾದ ಸಂಸತ್ತು ಖಲೀಫರ ಪದವಿಯನ್ನೇ ರದ್ದುಪಡಿಸಿದ್ದರಿಂದ ಚಳವಳಿ ನಿಂತಿತು. ಪಾಠ ಅಲ್ಲಿಗೆ ಮುಗಿಯುತ್ತದೆ. ಅದೇ ದಿನ ಅದೇ ಸಂಸತ್ತು ಮದರಸಾಗಳನ್ನೂ ಮುಚ್ಚುವ ಕಾನೂನನ್ನು ಅಂಗೀಕರಿಸಿತೆಂಬುದೂ, ಕುರ್ದ್ ಭಾಷೆಯಲ್ಲಿ ವಿದ್ಯೆ ನಡೆಯುತ್ತಿದ್ದ ಸ್ಥಳಗಳೆಂದರೆ ಆ ಮದರಸಾಗಳೇ ಆಗಿದ್ದವೆಂಬುದೂ ನಮ್ಮ ಪಾಠದಲ್ಲಿ ಬರುವುದಿಲ್ಲ. ಮುಸ್ತಫಾ ಕೆಮಾಲ್ 1928ರಲ್ಲಿ ಟರ್ಕಿ ಭಾಷೆಗೆ ರೋಮನ್ ಲಿಪಿ ತಂದದ್ದನ್ನು ಪ್ರಗತಿಯ ಮಾದರಿಯೆಂದು ಬಣ್ಣಿಸುತ್ತೇವೆ. ಸಾಕ್ಷರತೆಯ ದೃಷ್ಟಿಯಿಂದ ಅದು ದೊಡ್ಡ ಸಾಧನೆಯೇ ಹೌದು. ಆದರೆ ಆ ಕಾನೂನು ಪಟ್ಟಿಮಾಡಿದ ಅಕ್ಷರಗಳಲ್ಲಿ ಕ್ಯೂ, ಡಬ್ಲ್ಯೂ, ಎಕ್ಸ್ ಇರಲಿಲ್ಲ. ಕುರ್ದ್ ಭಾಷೆಗೆ ಈ ಮೂರೂ ಬೇಕು. ಹೊಸ ವರ್ಷದ ಹಬ್ಬವಾದ ನೌರೋಜ್ ಎಂಬ ಪದವನ್ನು ಕುರ್ದರು ಬರೆಯುವಂತೆ ಡಬ್ಲ್ಯೂ ಸೇರಿಸಿ ಬರೆದುದಕ್ಕಾಗಿ ಮೊಕದ್ದಮೆ ಎದುರಿಸಿದವರಿದ್ದಾರೆ. ಮಗುವಿನ ಹೆಸರಿನಲ್ಲಿ ಈ ಅಕ್ಷರಗಳಿದ್ದರೆ ದಾಖಲೆಯಲ್ಲಿ ಸೇರಿಸುತ್ತಿರಲಿಲ್ಲ. ಆ ಅಕ್ಷರಗಳ ಮೇಲಿನ ನಿರ್ಬಂಧ ಸಡಿಲವಾಗಬೇಕಾದರೆ 2013ರ ಸುಧಾರಣೆಗಳ ಘೋಷಣೆಯವರೆಗೆ ಕಾಯಬೇಕಾಯಿತು.

ಇಲ್ಲೊಂದು ವಿಪರ್ಯಾಸವಿದೆ. ಟರ್ಕಿಯ ಹೊಸ ಲಿಪಿ ಬಂದ ಮೇಲೆ ಜೆಲಾದತ್ ತಮ್ಮ ಅಕ್ಷರಮಾಲೆಯನ್ನು ಸಾಧ್ಯವಾದಷ್ಟು ಅದಕ್ಕೆ ಹತ್ತಿರ ತಂದರು. ಟರ್ಕಿಯ ಶಾಲೆಯಲ್ಲಿ ಟರ್ಕಿ ಭಾಷೆಯನ್ನು ಮಾತ್ರ ಕಲಿಯುವ ಕುರ್ದ್ ಹುಡುಗನಿಗೆ ತಾಯಿನುಡಿಯನ್ನು ಓದಲು ಹೊಸದಾಗಿ ಕಲಿಯಬೇಕಾದದ್ದು ಕೆಲವೇ ಅಕ್ಷರಗಳಾಗಲಿ ಎಂಬ ದೂರದೃಷ್ಟಿ ಅವರದು. ಸರ್ಕಾರ ಯಾವ ಶಾಲೆಯಲ್ಲಿ ಕುರ್ದ್ ಭಾಷೆಯನ್ನು ಮರೆಸಲು ನೋಡಿತೋ ಅದೇ ಶಾಲೆ ಅರಿವಿಲ್ಲದೆಯೇ ಕುರ್ದ್ ಅಕ್ಷರಗಳ ಬಹುಪಾಲನ್ನು ಕಲಿಸಿಕೊಟ್ಟಿತು.

ಈ ಅಕ್ಷರಮಾಲೆಯ ಬಗ್ಗೆ ಗಂಭೀರವಾದ ಒಂದು ಆಕ್ಷೇಪವಿದೆ. ಸೊರಾನಿ ಆಡುವವರು ಅರಬ್ಬಿ ಲಿಪಿಯನ್ನೇ ತಿದ್ದಿಕೊಂಡು, ಸ್ವರಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಸೇರಿಸಿಕೊಂಡು, ಅದರಲ್ಲಿ ಹುಲುಸಾದ ಸಾಹಿತ್ಯ ಬೆಳೆಸಿದರು. ಸೋವಿಯತ್ ಆರ್ಮೇನಿಯದ ಕುರ್ದರಿಗೆ ಮೊದಲು ಬೇರೊಂದು ರೋಮನ್ ಮಾದರಿ, 1940ರ ದಶಕದಲ್ಲಿ ರಷ್ಯನ್ ಲಿಪಿ ಬಂತು. ಒಂದೇ ಜನಾಂಗ ಮೂರು ಲಿಪಿಗಳಲ್ಲಿ ಬರೆಯುವಂತಾಯಿತು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಮುಚ್ಚಿದ ಪೆಟ್ಟಿಗೆ. ಅರಬ್ಬಿ ಲಿಪಿಯನ್ನೇ ಸುಧಾರಿಸಿದ್ದರೆ ಒಡಕು ತಪ್ಪುತ್ತಿರಲಿಲ್ಲವೇ ಎಂದು ಕೇಳುವವರನ್ನು ತಳ್ಳಿಹಾಕಲಾಗದು. ಆದರೆ 1928ರ ನಂತರ ಕುರ್ದರಲ್ಲಿ ಅತಿ ಹೆಚ್ಚು ಸಂಖ್ಯೆಯವರು ಬಾಳುತ್ತಿದ್ದ ಟರ್ಕಿಯಲ್ಲಿ ಶಾಲೆ, ಅಂಗಡಿ, ಕಚೇರಿ ಎಲ್ಲೆಡೆ ರೋಮನ್ ಲಿಪಿಯೇ ಕಾಣತೊಡಗಿತ್ತು. ಅರಬ್ಬಿ ಲಿಪಿಯ ಕುರ್ದ್ ಪುಸ್ತಕ ಅಲ್ಲಿನ ಮುಂದಿನ ತಲೆಮಾರಿಗೆ ಮುಚ್ಚಿದ ಪೆಟ್ಟಿಗೆಯೇ ಆಗುತ್ತಿತ್ತು. ಗಡಿಗಳನ್ನು ಎಳೆದವರು ಲಿಪಿಗಳನ್ನೂ ಹಂಚಿದರು. ಜೆಲಾದತ್ ಹಂಚಿಹೋದ ಪಾಲಿನಲ್ಲಿ ದೊಡ್ಡದನ್ನು ಉಳಿಸಿಕೊಂಡರು. ಈ ವಾದದಲ್ಲಿ ನನ್ನ ಒಲವು ಅವರ ಕಡೆಗೇ.

ಅವರ ಕೊನೆ ದಾರುಣವಾದದ್ದು. 1946ರಲ್ಲಿ ಫ್ರೆಂಚರು ಸಿರಿಯ ಬಿಟ್ಟ ಮೇಲೆ ಕುರ್ದ್ ಪತ್ರಿಕೆಗಳಿಗಿದ್ದ ಆಸರೆ ತಪ್ಪಿತು. ಜೀವನೋಪಾಯಕ್ಕಾಗಿ ಅರಸನ ಮೊಮ್ಮಗ ಡಮಾಸ್ಕಸ್ಸಿನ ಸಮೀಪ ಹತ್ತಿಯ ಬೇಸಾಯಕ್ಕೆ ಕೈಹಾಕಿದರು. 1951ರ ಜುಲೈ 15ರಂದು ಹೊಲದ ಬಾವಿಯಲ್ಲಿ ಸಂಭವಿಸಿದ ಅಪಘಾತದಲ್ಲಿ ತೀರಿಕೊಂಡರು. ಫ್ರೆಂಚ್ ವಿದ್ವಾಂಸ ರೋಜೆ ಲೆಸ್ಕೊ ಜೊತೆ ಸೇರಿ ಸಿದ್ಧಪಡಿಸಿದ ಕುರ್ದ್ ವ್ಯಾಕರಣ ಗ್ರಂಥ ಪ್ಯಾರಿಸ್ಸಿನಲ್ಲಿ ಅಚ್ಚಾಗಿ ಬಂದದ್ದು 1970ರಲ್ಲಿ, ಅವರು ಗತಿಸಿ ಹತ್ತೊಂಬತ್ತು ವರ್ಷಗಳ ನಂತರ. ಪತ್ನಿ ರೌಶನ್ ಸ್ವತಃ ಶಿಕ್ಷಕಿ. ಹವಾರ್‌ನಲ್ಲಿ ಬರೆದ ಲೇಖಕಿ. ಅವರು 1992ರವರೆಗೆ ಬದುಕಿದ್ದರು. ಕಾಮುರಾನ್ ಪ್ಯಾರಿಸ್ಸಿಗೆ ತೆರಳಿ ಅಲ್ಲಿನ ಪೌರ್ವಾತ್ಯ ಭಾಷೆಗಳ ವಿದ್ಯಾಲಯದಲ್ಲಿ ದೀರ್ಘಕಾಲ ಕುರ್ದ್ ಭಾಷೆ ಬೋಧಿಸಿ, ಕುರ್ದರ ಪರವಾಗಿ ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ವಾದಿಸುತ್ತಲೇ 1978ರಲ್ಲಿ ಕಾಲವಾದರು. ಸಂಸ್ಥಾನದ ವಾರಸುದಾರ ಕೊನೆಗೆ ಭಾಷೆಯ ಮೇಷ್ಟರಾದರು.

ಇನ್ನು ಫಲದ ಲೆಕ್ಕ. ಟರ್ಕಿಯಲ್ಲಿ 1983ರ ಕಾನೂನೊಂದು ಕುರ್ದ್ ಭಾಷೆಯ ಪ್ರಕಟಣೆಗಳನ್ನು ನಿಷೇಧಿಸಿತ್ತು. 1991ರಲ್ಲಿ ಅದು ರದ್ದಾಯಿತು. ಅದೇ ವರ್ಷ ಲೈಲಾ ಜಾನಾ ಎಂಬ ಸಂಸದೆ ಪ್ರಮಾಣವಚನದ ಕೊನೆಗೆ ಕುರ್ದ್ ಭಾಷೆಯಲ್ಲಿ ಒಂದು ಮಾತು ಸೇರಿಸಿದ್ದಕ್ಕೆ ಸಂಸತ್ತಿನಲ್ಲಿ ಕೋಲಾಹಲವಾಯಿತು. ಮುಂದೆ ಅವರು 1994ರಿಂದ 2004ರವರೆಗೆ ಸೆರೆಯಲ್ಲಿದ್ದರು. 2009ರ ಜನವರಿಯಲ್ಲಿ ಅದೇ ಸರ್ಕಾರ ಕುರ್ದ್ ಭಾಷೆಯ ದೂರದರ್ಶನ ವಾಹಿನಿಯನ್ನು ಆರಂಭಿಸಿತು. 2012ರಿಂದ ಶಾಲೆಗಳಲ್ಲಿ ಐಚ್ಛಿಕ ವಿಷಯವಾಗಿ ಕಲಿಯಲು ಅವಕಾಶವಾಯಿತು. ಇರಾಕಿನ 2005ರ ಸಂವಿಧಾನ ಅರಬ್ಬಿಯ ಜೊತೆಗೆ ಕುರ್ದ್ ಭಾಷೆಯನ್ನೂ ರಾಜಭಾಷೆಯನ್ನಾಗಿ ಒಪ್ಪಿತು. ಅಂತರ್ಯುದ್ಧದ ಸಿರಿಯದ ಈಶಾನ್ಯ ಭಾಗದಲ್ಲಿ 2012ರ ನಂತರ ತೆರೆದ ಕುರ್ದ್ ಶಾಲೆಗಳಲ್ಲಿ ಮಕ್ಕಳು ತಿದ್ದಿದ್ದು ಜೆಲಾದತ್ ಅವರ ಅಕ್ಷರಗಳನ್ನೇ. ಹವಾರ್ ಹುಟ್ಟಿದ ಮೇ 15ನ್ನು ಕುರ್ದರು 2006ರಿಂದ ಭಾಷಾ ದಿನವಾಗಿ ಆಚರಿಸುತ್ತಿದ್ದಾರೆ.

ಆಚರಣೆಯ ವಿಷಯದಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ವರ್ಷಕ್ಕೊಮ್ಮೆ ಹಾರ ಹಾಕಿದರೆ ಭಾಷೆ ಬದುಕುವುದಿಲ್ಲ. ವಾರಕ್ಕೆ ಎರಡು ಗಂಟೆಯ ಐಚ್ಛಿಕ ಪಾಠ ತಾಯಿನುಡಿಯ ಶಿಕ್ಷಣವಾಗುವುದಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲಿ ಮಗು ಗಣಿತವನ್ನೂ ವಿಜ್ಞಾನವನ್ನೂ ಕಲಿಯುವಂತಾದಾಗ ಮಾತ್ರ ಆ 31 ಅಕ್ಷರಗಳು ಪೂರ್ಣ ಸಾರ್ಥಕವಾದಾವು. ಆ ದಿನ ಟರ್ಕಿಯ ಕುರ್ದ್ ಮಕ್ಕಳ ಪಾಲಿಗೆ ಇನ್ನೂ ಬಂದಿಲ್ಲ.

ಖೊಯ್‌ಬೂನ್ ಸಂಘಟನೆಯ ಹೆಸರು ಇಂದು ಇತಿಹಾಸದ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ಅರಾರಾತ್ ದಂಗೆ ಒಂದು ದುಃಖದ ನೆನಪು. ಕೇವಲ 57 ಸಂಚಿಕೆಗಳ ಒಂದು ಸಣ್ಣ ಪತ್ರಿಕೆಯ ಅಕ್ಷರಗಳು ಮಾತ್ರ ಇಂದಿಗೂ ಪ್ರತಿದಿನ ಕೆಲಸ ಮಾಡುತ್ತಿವೆ. ಹಾಗಾದರೆ ಆ ಮನೆತನದಲ್ಲಿ ನಿಜವಾದ ರಾಜಕಾರಣ ಮಾಡಿದವರು ಯಾರು, ಕತ್ತಿ ಹಿಡಿದ ಅಜ್ಜನೋ, ಮೊಳೆ ಜೋಡಿಸಿದ ಮೊಮ್ಮಗನೋ? ನನ್ನ ಉತ್ತರವನ್ನು ಹೇಳಿದ್ದೇನೆ. ಓದುಗ ಮಹಾಶಯರೂ ಸಾವಕಾಶವಾಗಿ ವಿಚಾರ ಮಾಡಬೇಕೆಂದು ಪ್ರಾರ್ಥನೆ.